2026ರ ರಗ್ಬಿ ಲೀಗ್: ಕ್ಲಬ್ ಪಂದ್ಯಗಳ ಸುಗ್ಗಿ, ದೇಶದ ಪಂದ್ಯಗಳ ಬರ

ಹೆಡಿಂಗ್ಲಿ ಹುಡುಗ (ಲೀಡ್ಸ್) · 13 ಡಿಸೆಂಬರ್ 2025

ಇಂಗ್ಲೆಂಡಿನ ದೊಡ್ಡ ಕ್ಲಬ್ ಲೀಗ್ ಆದ ಸೂಪರ್ ಲೀಗ್ ವೇಳಾಪಟ್ಟಿ ಬಂದಿದೆ. ವಿಶ್ವಕಪ್ ಪಟ್ಟಿಯೂ ಕೈಯಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇಂಗ್ಲೆಂಡ್ ಅಭಿಮಾನಿಗೆ ಹೊಟ್ಟೆ ಉರಿಯುತ್ತದೆ.

ಫೆಬ್ರವರಿ 12ಕ್ಕೆ ಕ್ಲಬ್ ಪಂದ್ಯಗಳು ಶುರು. ಹದಿನಾಲ್ಕು ತಂಡ, 27 ಸುತ್ತು, ನಡುವೆ ನಾಕೌಟ್ ಪಂದ್ಯಗಳ ಚಾಲೆಂಜ್ ಕಪ್, ಕೊನೆಗೆ ಪ್ಲೇಆಫ್. ಅದೆಲ್ಲ ಮುಗಿಸಿ, ಮೈಕೈ ನುಗ್ಗಾದ ಹುಡುಗರು ವಿಮಾನ ಹತ್ತಿ ಪರ್ತ್‌ಗೆ ಹೋಗಬೇಕು. ಅಕ್ಟೋಬರ್ 17ಕ್ಕೆ ಅಲ್ಲಿ ಟೋಂಗಾ ಕಾಯುತ್ತಿರುತ್ತದೆ. ಅದಕ್ಕೂ ಮೊದಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮಟ್ಟದ ಯಾವ ತಂಡದ ಜೊತೆಗೂ ಒಂದು ಟೆಸ್ಟ್ (ದೇಶ ದೇಶಗಳ ಪಂದ್ಯ) ಇಲ್ಲ.

ಈ ವರ್ಷದ ಇಂಗ್ಲೆಂಡ್–ಆಸ್ಟ್ರೇಲಿಯಾ ಸರಣಿ ಆಶಸ್‌ನಲ್ಲಿ ಆಗಿದ್ದೂ ಇದೇ ಅಲ್ವಾ? 2003ರ ನಂತರ ಮೊದಲ ಸಲ ಆಸ್ಟ್ರೇಲಿಯಾ ಈ ಸರಣಿಗೆ ಬಂತು. ಮೂರೂ ಪಂದ್ಯ ನಾವು ಸೋತೆವು: ವೆಂಬ್ಲಿಯಲ್ಲಿ 26-6, ಲಿವರ್‌ಪೂಲ್‌ನ ಹೊಸ ಎವರ್ಟನ್ ಮೈದಾನದಲ್ಲಿ 14-4, ನಮ್ಮ ಹೆಡಿಂಗ್ಲಿಯಲ್ಲಿ 30-8. ಮೂರೂ ಸೇರಿಸಿದರೆ 70-18. ಲಿವರ್‌ಪೂಲ್‌ನಲ್ಲಿ ನಾವು ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ಊರುವುದು) ಕೂಡ ಹಾಕಲಿಲ್ಲ. ಬರೀ ಎರಡು ಪೆನಾಲ್ಟಿ ಗೋಲ್.

ಟಿವಿಯಲ್ಲಿ ಕಾಣದ ಒಂದು ವಿಷಯ ಹೇಳುತ್ತೇನೆ. ಟ್ಯಾಕಲ್ ಆದಾಗ ಆಸ್ಟ್ರೇಲಿಯಾದವರು ಹೇಗೆ ಬೀಳುತ್ತಾರೆ ಅಂತ ಗಮನಿಸಿ. ಮೂರು ಜನ ಮೈಮೇಲೆ ಬಿದ್ದಿದ್ದರೂ ಸೊಂಟ ತಿರುಗಿಸಿ ಹೊಟ್ಟೆ ಕೆಳಗೆ ಬರುವ ಹಾಗೆ ಬೀಳುತ್ತಾರೆ. ಮೊಣಕೈ, ಮೊಣಕಾಲು ಆಗಲೇ ನೆಲಕ್ಕೆ ಊರಿರುತ್ತದೆ. ಅಲ್ಲಿಂದ ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಹೊರಳಿಸುವುದು ಒಂದೇ ಉಸಿರಿನ ಕೆಲಸ. ನಮ್ಮವರು ಬೆನ್ನ ಮೇಲೆ ಬೀಳುತ್ತಿದ್ದರು. ಹೊರಳಿ, ಎದ್ದು, ಚೆಂಡು ಬಿಡುವಷ್ಟರಲ್ಲಿ ಎದುರಿನ ಸಾಲು ಹತ್ತು ಮೀಟರ್ ಹಿಂದೆ ಹೋಗಿ ಸರಿಯಾಗಿ ನಿಂತಿರುತ್ತಿತ್ತು. ಆಮೇಲೆ ಆಟ ಕಟ್ಟುವ ನಮ್ಮ ಹಾಫ್‌ಬ್ಯಾಕ್ ಏನು ತಾನೇ ಮಾಡಿಯಾನು?

ಇದನ್ನು ಕ್ಯಾಂಪಿನಲ್ಲಿ ಎರಡು ವಾರ ಕೂತು ಕಲಿಯಲು ಆಗಲ್ಲ. ಆ ವೇಗದ ಪಂದ್ಯ ಆಡಿಯೇ ಕಲಿಯಬೇಕು. ಆಸ್ಟ್ರೇಲಿಯಾದವರಿಗೆ ಅದಕ್ಕೆ ಒರಿಜಿನ್ ಇದೆ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ಸರಣಿ. ಮೇ 27, ಜೂನ್ 17, ಜುಲೈ 8. ಸುಮಾರು ಆರು ವಾರದಲ್ಲಿ ಮೂರು ಯುದ್ಧ. ನಮ್ಮವರಿಗೆ 2023ರಲ್ಲಿ ಫ್ರಾನ್ಸ್ ಎದುರು ಒಂದು ಮಧ್ಯಋತುವಿನ ಪಂದ್ಯ ಇತ್ತು, 64-0 ಗೆದ್ದರು. 2024ರಲ್ಲೂ ಫ್ರಾನ್ಸ್, 40-8. 2025ರಲ್ಲಿ ಅದೂ ಇಲ್ಲ.

ನನ್ನ ವಾದ ಇಷ್ಟೇ. ಪಂದ್ಯ ಎಷ್ಟು ಅನ್ನುವುದಕ್ಕಿಂತ ಗಟ್ಟಿ ಪಂದ್ಯ ಯಾವ ತಿಂಗಳಲ್ಲಿ ಬರುತ್ತದೆ ಅನ್ನುವುದು ಮುಖ್ಯ. 2026ರ ಪಟ್ಟಿಯಲ್ಲಿ ನಮಗೆ ಅದು ಬರುವುದು ವಿಶ್ವಕಪ್‌ನ ನಮ್ಮ ಮೊದಲ ಪಂದ್ಯದಲ್ಲೇ. ಪರೀಕ್ಷೆ ಹಾಲಿನಲ್ಲೇ ಪುಸ್ತಕ ತೆರೆದ ಹಾಗೆ. ನಿಮ್ಮ ಅಭಿಪ್ರಾಯ ಏನು?

ಕ್ರೇವನ್ ಪಾರ್ಕ್ ಕೆಂಪು (ಹಲ್)

ಗುರು, ಶುರುವಾಗುವ ಮೊದಲೇ ಅಳು ಯಾಕೆ? ನಾವು ಹಲ್ ಕೆಆರ್ ಕ್ಲಬ್ಬಿನವರು 1985ರ ನಂತರ ದೊಡ್ಡ ಕಪ್ ನೋಡೇ ಇರಲಿಲ್ಲ. ಈ ವರ್ಷ ಒಂದೇ ಏಟಿಗೆ ಮೂರು ಬಂತು. ಜೂನ್‌ನಲ್ಲಿ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್, ವಾರಿಂಗ್ಟನ್ ಎದುರು ಕೊನೆಯ ನಿಮಿಷಗಳಲ್ಲಿ ಟಾಮ್ ಡೇವಿಸ್ ಟ್ರೈ, ಮೈಕಿ ಲೂಯಿಸ್ ಕಿಕ್, 8-6. ಆಮೇಲೆ ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಲೀಗ್ ಶೀಲ್ಡ್. ಅಕ್ಟೋಬರ್ 11ಕ್ಕೆ ಲೀಗಿನ ಗ್ರ್ಯಾಂಡ್ ಫೈನಲ್, ಓಲ್ಡ್ ಟ್ರಾಫರ್ಡ್‌ನಲ್ಲಿ ವಿಗನ್‌ಗೆ 24-6. ನನಗೆ ಇನ್ನೂ ನಂಬಿಕೆ ಬಂದಿಲ್ಲ. ಇಂಗ್ಲೆಂಡ್ ಬಗ್ಗೆ ಅಕ್ಟೋಬರ್‌ನಲ್ಲಿ ಯೋಚನೆ ಮಾಡೋಣ.

ನಮ್ಮ ಫೆಬ್ರವರಿ ನೋಡಿ. 12ಕ್ಕೆ ಯಾರ್ಕ್ ಊರಿನಲ್ಲಿ ಯಾರ್ಕ್ ನೈಟ್ಸ್ ಎದುರು ಸೀಸನ್ನಿನ ಮೊದಲ ಪಂದ್ಯ. ಸೂಪರ್ ಲೀಗಿಗೆ ಯಾರ್ಕ್ ಬರುತ್ತಿರುವುದೇ ಇದು ಮೊದಲ ಸಲ, ಆ ಊರು ಆ ದಿನ ನಿದ್ದೆ ಮಾಡಲ್ಲ. 19ಕ್ಕೆ ಆಸ್ಟ್ರೇಲಿಯಾ ಲೀಗಿನ ಚಾಂಪಿಯನ್ ಬ್ರಿಸ್ಬೇನ್ ಬ್ರಾಂಕೋಸ್ ಎದುರು ವರ್ಲ್ಡ್ ಕ್ಲಬ್ ಚಾಲೆಂಜ್. 28ಕ್ಕೆ ಲಾಸ್ ವೇಗಸ್‌ನಲ್ಲಿ ನಿಮ್ಮ ಲೀಡ್ಸ್ ಎದುರು. ಹದಿನೇಳು ದಿನದಲ್ಲಿ ಯಾರ್ಕ್, ಬ್ರಿಸ್ಬೇನ್, ವೇಗಸ್! ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದರೆ "ಅದೇನು ಪ್ಯಾಕೇಜ್ ಟೂರಾ?" ಅಂದರು.

ಇನ್ನೊಂದು ತಮಾಷೆ. ಬ್ರಾಂಕೋಸ್ ಪಂದ್ಯ ನಮ್ಮ ಮೈದಾನದಲ್ಲಿ ಅಲ್ಲ. ಕ್ರೇವನ್ ಪಾರ್ಕ್ ಚಿಕ್ಕದು ಅಂತ ಎಂಕೆಎಂ ಸ್ಟೇಡಿಯಂನಲ್ಲಿ ಇಟ್ಟಿದ್ದಾರೆ. ಅದು ನಮ್ಮ ಊರಿನದೇ ಎದುರಾಳಿ ಹಲ್ ಎಫ್‌ಸಿಯವರ ಮನೆ. ಕಪ್ಪು ಬಿಳಿ ಬಣ್ಣದವರ ಆ ಕುರ್ಚಿಗಳ ಮೇಲೆ ಕೆಂಪು ಬಿಳಿ ಸ್ಕಾರ್ಫ್ ಹಾಕಿಕೊಂಡು ಕೂರಬೇಕು. ನದಿಯ ಈ ಕಡೆಯವರಿಗೆ ಆ ಕಡೆ ಹೋಗುವುದೇ ಒಂದು ಮುಜುಗರ. ಆದರೂ ಹೋಗುತ್ತೇವೆ.

ಹುಬ್ಬಳ್ಳಿ ರೇಡರ್

ಎಲ್ಲರಿಗೂ ನಮಸ್ಕಾರ ರೀ. ನಾನು ಕಬಡ್ಡಿ ಆಡಿದವನು. ಜೂನ್‌ನಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಆಯಿತಲ್ಲ, ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡ ಇತ್ತಲ್ಲ, ಅದನ್ನು ನೋಡಿ ರಗ್ಬಿ ಹುಚ್ಚು ಹಿಡಿಯಿತು. ನೀವು ಹೇಳುತ್ತಿರುವುದು ಅದೇ ಆಟವಾ? ಅಲ್ಲಿ ಏಳೇ ಜನ ಇದ್ದರು. ಮತ್ತೆ ಆಶಸ್ ಅಂದರೆ ಕ್ರಿಕೆಟ್ ಅಲ್ವೇನ್ರಿ?

ಹೆಡಿಂಗ್ಲಿ ಹುಡುಗ

ಬನ್ನಿ ರೇಡರ್ ಅವರೇ. ನೀವು ನೋಡಿದ್ದು ರಗ್ಬಿ ಯೂನಿಯನ್ನಿನ ಏಳು ಜನರ ಆಟ. ನಾವು ಮಾತಾಡುತ್ತಿರುವುದು ರಗ್ಬಿ ಲೀಗ್. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೂತು ಬೇರೆಯಾದವು. ಗಣಿ, ಗಿರಣಿಯಲ್ಲಿ ದುಡಿಯುವವರು ಶನಿವಾರ ಆಡಲು ಬಂದರೆ ಕೂಲಿ ಹೋಗುತ್ತಿತ್ತು. ಆ ದುಡ್ಡು ಕೊಡಬೇಕು ಅಂತ ಇವರು ಅಂದರು. ದಕ್ಷಿಣದವರು ಒಪ್ಪಲಿಲ್ಲ. ಅಲ್ಲಿಂದ ಎರಡು ದಾರಿ.

ನಮ್ಮದರಲ್ಲಿ ಹದಿಮೂರು ಜನ. ಆರು ಟ್ಯಾಕಲ್ ಆಗುವಷ್ಟರಲ್ಲಿ ಟ್ರೈ ಹಾಕಬೇಕು, ಇಲ್ಲ ಒದೆಯಬೇಕು, ಇಲ್ಲ ಚೆಂಡು ಎದುರಿನವರಿಗೆ. ಟ್ರೈಗೆ ನಾಲ್ಕು ಅಂಕ, ಕಿಕ್‌ಗೆ ಎರಡು, ಡ್ರಾಪ್ ಗೋಲ್‌ಗೆ ಸಾಮಾನ್ಯವಾಗಿ ಒಂದು. ಆಶಸ್ ಹೆಸರು ಕ್ರಿಕೆಟ್ಟಿನಿಂದಲೇ ಬಂದದ್ದು. ನಾವು ಅದನ್ನು ಕೊನೆಗೆ ಗೆದ್ದದ್ದು 1970ರಲ್ಲಿ, ಗ್ರೇಟ್ ಬ್ರಿಟನ್ ಹೆಸರಿನಲ್ಲಿ. ಹಾಗಾಗಿ ಕ್ರಿಕೆಟ್ಟಿನವರ ಅಳು ಕೇಳಿದರೆ ನಮಗೆ ನಗು ಬರುತ್ತದೆ.

ಬ್ರಿಸ್ಬೇನ್ ಭಟ್ರು

ಹುಡುಗನ ಲೆಕ್ಕ ಸರಿ. ಆದರೆ ನೀವು ಇಂಗ್ಲೆಂಡ್–ಆಸ್ಟ್ರೇಲಿಯಾ ಅಂತ ಮಾತ್ರ ನೋಡುತ್ತಿದ್ದೀರಿ. ಈ ಆಟದ ಜೀವ ಈಗ ಎಲ್ಲಿದೆ ಗೊತ್ತಾ? ಪೆಸಿಫಿಕ್ ದ್ವೀಪಗಳಲ್ಲಿ.

ಅಕ್ಟೋಬರ್ 26ಕ್ಕೆ ನಮ್ಮ ಬ್ರಿಸ್ಬೇನಿನ ಸನ್‌ಕಾರ್ಪ್ ಮೈದಾನದಲ್ಲಿ ಟೋಂಗಾ–ಸಮೋವಾ ಪಂದ್ಯ ಇತ್ತು. ಆಸ್ಟ್ರೇಲಿಯಾ ಆಡುತ್ತಲೇ ಇಲ್ಲ. ಆದರೂ 44 ಸಾವಿರ ದಾಟಿದ ಜನ. ಮಧ್ಯಾಹ್ನದಿಂದಲೇ ಕ್ಯಾಕ್ಸ್‌ಟನ್ ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆಯುತ್ತಾ ಓಡಾಡುತ್ತಿದ್ದವು. ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದ ಹುಡುಗರು, ಕೈಯಲ್ಲಿ ಕೆಂಪು ಬಾವುಟ, ಇನ್ನೊಂದು ಕಾರಿನಲ್ಲಿ ಕೆಂಪು ನೀಲಿ ಬಾವುಟ. ಅಜ್ಜಿಯರು ಬಾವುಟವನ್ನೇ ಸೆರಗಿನ ಹಾಗೆ ಹೊದ್ದುಕೊಂಡಿದ್ದರು. ಪಂದ್ಯಕ್ಕೆ ಮುಂಚೆ ಎರಡೂ ತಂಡ ಎದುರುಬದುರು ನಿಂತು ಒಟ್ಟಿಗೆ ಯುದ್ಧನೃತ್ಯ ಮಾಡಿದವು. ಒಬ್ಬರದ್ದು ಮುಗಿಯಲಿ ಅಂತ ಇನ್ನೊಬ್ಬರು ಕಾಯಲಿಲ್ಲ. ನನ್ನ ಮಗಳು ಕಿವಿ ಮುಚ್ಚಿಕೊಂಡಳು. ಪಂದ್ಯ ಮಾತ್ರ ಏಕಪಕ್ಷೀಯ, ಸಮೋವಾ 34-6.

ಪೇನ್ ಹಾಸ್ ಗೊತ್ತಲ್ಲ, ನಮ್ಮ ಬ್ರಾಂಕೋಸ್ ಪ್ರಾಪ್. ಆಸ್ಟ್ರೇಲಿಯಾ ಬಿಟ್ಟು ಸಮೋವಾಕ್ಕೆ ಆಡಿದ. ಹತ್ತು ವರ್ಷದ ಹಿಂದೆ ಇದನ್ನು ಯಾರೂ ಊಹಿಸುತ್ತಿರಲಿಲ್ಲ. ದಾರಿ ತೋರಿಸಿದ್ದು ಜೇಸನ್ ಟೌಮಲೋಲೊ. 2017ರಲ್ಲಿ ನ್ಯೂಜಿಲೆಂಡ್ ಬಿಟ್ಟು ಟೋಂಗಾಕ್ಕೆ ಬಂದ. ಅದೇ ವರ್ಷ ಟೋಂಗಾ ನ್ಯೂಜಿಲೆಂಡನ್ನು ಸೋಲಿಸಿತು, 2019ರಲ್ಲಿ ಆಸ್ಟ್ರೇಲಿಯಾವನ್ನೂ 16-12ಕ್ಕೆ ಸೋಲಿಸಿತು.

ಹಾಗಾಗಿ ಅಕ್ಟೋಬರ್ 17ರ ಪಂದ್ಯಕ್ಕೆ ಹೆದರಬೇಕಾದ್ದೇ. ಆದರೆ ಬೇಸರ ಯಾಕೆ? ಇಂಥ ಪಂದ್ಯಕ್ಕಾಗಿಯೇ ಅಲ್ವಾ ವಿಶ್ವಕಪ್ ಇರುವುದು?

ಹೆಡಿಂಗ್ಲಿ ಹುಡುಗ

ಭಟ್ರೇ, ಟೋಂಗಾ ಅಂದಕೂಡಲೇ ನನಗೆ 2017ರ ಸೆಮಿಫೈನಲ್ ನೆನಪಾಗುತ್ತದೆ. ಆಕ್ಲೆಂಡ್, ಇಂಗ್ಲೆಂಡ್ 20-0 ಮುಂದೆ. ಕೊನೆಯ ಏಳೆಂಟು ನಿಮಿಷದಲ್ಲಿ ಟೋಂಗಾ ಮೂರು ಟ್ರೈ ಹಾಕಿತು. 20-18. ಕೊನೆಯ ಕ್ಷಣದಲ್ಲಿ ಆಂಡ್ರ್ಯೂ ಫಿಫಿಟಾ ಗೆರೆ ಕಡೆ ನುಗ್ಗಿದಾಗ ಚೆಂಡು ಕೈತಪ್ಪಿತು ಅಂತ ರೆಫರಿ ನಿಲ್ಲಿಸಿದರು. ಅದು ಸರಿಯೋ ತಪ್ಪೋ ಅಂತ ಟೋಂಗಾದವರು ಇವತ್ತಿಗೂ ಜಗಳ ಆಡುತ್ತಾರೆ. 2023ರಲ್ಲಿ ಅವರು ಇಲ್ಲಿಗೆ ಬಂದಾಗ ನಾವು 3-0 ಗೆದ್ದೆವು. ಆದರೆ ಅದು ಸೇಂಟ್ ಹೆಲೆನ್ಸ್, ಹಡರ್ಸ್‌ಫೀಲ್ಡ್, ಲೀಡ್ಸ್‌ನ ಚಳಿ. ಪರ್ತ್ ಬೇರೆ.

ಸಮೋವಾ ವಿಷಯ ಮಾತ್ರ ಎತ್ತಬೇಡಿ. 2022ರಲ್ಲಿ ಮೊದಲ ಪಂದ್ಯದಲ್ಲಿ 60-6 ಹೊಡೆದೆವು. ಅದೇ ತಂಡ ಸೆಮಿಫೈನಲ್‌ನಲ್ಲಿ ಗೋಲ್ಡನ್ ಪಾಯಿಂಟ್‌ಗೆ (ಮೊದಲು ಅಂಕ ಗಳಿಸಿದವರು ಗೆಲ್ಲುವ ಹೆಚ್ಚುವರಿ ಆಟ) ಎಳೆದು, ಸ್ಟೀಫನ್ ಕ್ರೈಟನ್ ಡ್ರಾಪ್ ಗೋಲ್ ಹೊಡೆದ, 27-26. ನಾಲ್ಕು ವಾರದಲ್ಲಿ ಅವರು ಎಷ್ಟು ಬದಲಾದರು ನೋಡಿ. ಒಟ್ಟಿಗೆ ಆಡಿದಷ್ಟೂ ಅವರು ಗಟ್ಟಿಯಾಗುತ್ತಾರೆ. ನನ್ನ ವಾದವೂ ಅದೇ ತಾನೇ?

ವಿಗನ್ ವೈದ್ಯ

ಒಂದು ಕಡೆ ಮಾತ್ರ ನನಗೆ ತಕರಾರಿದೆ. ಎಲ್ಲ ತಪ್ಪನ್ನೂ ಕ್ಯಾಲೆಂಡರ್ ತಲೆಗೆ ಕಟ್ಟುವುದು ಸುಲಭ. 2025ರಲ್ಲಿ ಸೂಪರ್ ಲೀಗಿನ ಮ್ಯಾನ್ ಆಫ್ ಸ್ಟೀಲ್ ಯಾರು? ನಿಮ್ಮ ಲೀಡ್ಸಿನ ಜೇಕ್ ಕಾನರ್. ಆಶಸ್‌ನ 24 ಜನರಲ್ಲಿ ಅವನ ಹೆಸರೇ ಇಲ್ಲ. ವರ್ಷದ ಅತ್ಯುತ್ತಮ ಆಟಗಾರ ಮನೆಯಲ್ಲಿ ಕೂತು ಟಿವಿ ನೋಡಿದ. ಮೂರು ಟೆಸ್ಟ್‌ನಲ್ಲಿ ಟ್ರೈ ಹಾಕಲು ಪರದಾಡಿದ ತಂಡಕ್ಕೆ ಪಾಸ್ ಕೊಡುವ ಕೈ ಬೇಡವಾಯಿತೇ? ಆಶಸ್‌ನಲ್ಲಿ ಇಂಗ್ಲೆಂಡ್ ಕೋಚ್ ಆಗಿದ್ದ ಶಾನ್ ವೇನ್ ನಮ್ಮ ವಿಗನ್ ಮನುಷ್ಯ, ಕ್ಲಬ್ಬಿಗೆ ಅವರು ಮಾಡಿದ್ದು ಮರೆಯುವ ಹಾಗಿಲ್ಲ. ಆದರೆ ಈ ಆಯ್ಕೆಯನ್ನು ನಾನು ಒಪ್ಪಲಾರೆ.

ಇನ್ನೊಂದು. ನೀವು ಒರಿಜಿನ್ ಒರಿಜಿನ್ ಅನ್ನುತ್ತೀರಿ. ಹಾಗಿದ್ದರೆ ಫೆಬ್ರವರಿ 2023ರಲ್ಲಿ ಸೇಂಟ್ ಹೆಲೆನ್ಸ್ ಪೆನ್ರಿತ್ ಊರಿಗೇ ಹೋಗಿ ಆಸ್ಟ್ರೇಲಿಯಾದ ಚಾಂಪಿಯನ್ ಪೆನ್ರಿತ್ ಎದುರು 13-12 ಹೇಗೆ ಗೆದ್ದಿತು? 2024ರಲ್ಲಿ ನಮ್ಮ ವಿಗನ್ ಅದೇ ಪೆನ್ರಿತ್‌ಗೆ 16-12 ಹೇಗೆ ಹೊಡೆಯಿತು? ಒರಿಜಿನ್ ಆಡಿದವರು ಆ ತಂಡದಲ್ಲಿ ತುಂಬಿಕೊಂಡಿದ್ದರು.

ಹೆಡಿಂಗ್ಲಿ ಹುಡುಗ

ಡಾಕ್ಟ್ರೇ, ಕಾನರ್ ವಿಷಯದಲ್ಲಿ ಜಗಳ ಇಲ್ಲ. ಕೈ ಕೊಡಿ.

ವರ್ಲ್ಡ್ ಕ್ಲಬ್ ಲೆಕ್ಕ ಮಾತ್ರ ನನ್ನ ಕಡೆಗೇ ಬರುತ್ತದೆ. ಫೆಬ್ರವರಿಯಲ್ಲಿ ಅವರ ಸೀಸನ್ ಇನ್ನೂ ಶುರುವೇ ಆಗಿರಲ್ಲ. ಬೇಸಿಗೆ ರಜೆ ಮುಗಿಸಿ, ಅಭ್ಯಾಸ ಮಾಡಿಕೊಂಡು ಬಂದಿರುತ್ತಾರೆ. ಗಟ್ಟಿ ಪಂದ್ಯ ಆಡದೆ ಬಂದವರು ಸೋಲುತ್ತಾರೆ, ಅದು ಅವರಿಗೂ ಅನ್ವಯಿಸುತ್ತದೆ. ಅಕ್ಟೋಬರ್‌ನಲ್ಲಿ ಅದೇ ಕೆಲಸ ನಮಗೆ ಆಗುತ್ತದೆ.

ಕ್ರೇವನ್ ಪಾರ್ಕ್ ಕೆಂಪು

ಅಂದರೆ 19ಕ್ಕೆ ನಾವು ಬ್ರಾಂಕೋಸ್‌ಗೆ ಹೊಡೆದರೂ ನೀವು ಮಾರ್ಕ್ಸ್ ಕೊಡಲ್ಲ. ಸರಿ ಬಿಡಿ. ನಾವೂ ಆ ಹೊತ್ತಿಗೆ ಆಡಿರುವುದು ಒಂದೇ ಲೀಗ್ ಪಂದ್ಯ, ಅದನ್ನೂ ಬರೆದುಕೊಳ್ಳಿ.

ಬ್ರಿಸ್ಬೇನ್ ಭಟ್ರು

ಬ್ರಾಂಕೋಸ್ ಬಗ್ಗೆ ಹಗುರವಾಗಿ ಮಾತಾಡಬೇಡಿ ಕೆಂಪಣ್ಣ. 2006ರ ನಂತರ ಈಗ ತಾನೇ ಕಪ್ ಗೆದ್ದಿದ್ದೇವೆ, ಮೆಲ್ಬರ್ನ್ ಎದುರು 26-22. ರೀಸ್ ವಾಲ್ಶ್‌ಗೆ ರೆಕ್ಕೆ ಬಂದಿದೆ. ವೆಂಬ್ಲಿಯಲ್ಲಿ ಎರಡು ಟ್ರೈ ಹಾಕಿದ್ದು ಅವನೇ. ಹಲ್ ಚಳಿಗೆ ಅವನು ಕೈಗವಸು ಹಾಕಿಕೊಂಡು ಬಂದರೂ ನಿಮಗೆ ಕಷ್ಟ ಇದೆ.

ಪ್ಯಾರಮಟ್ಟ ಅಕ್ಕ (ಸಿಡ್ನಿ)

ಗಂಡಸರ ಲೆಕ್ಕ ಜೋರಾಗಿ ನಡೀತಿದೆ. ನಾನೂ ಸ್ವಲ್ಪ ಸೇರಿಸುತ್ತೇನೆ.

ಆಸ್ಟ್ರೇಲಿಯಾ ತಂಡಕ್ಕೂ ವರ್ಷಕ್ಕೆ ಟೆಸ್ಟ್ ಅಂತ ಸಿಗುವುದು ಮೂರು. ಈ ವರ್ಷ ಆಶಸ್‌ನ ಮೂರೇ. ಇಲ್ಲಿನ ಜನಕ್ಕೆ ದೇಶದ ಪಂದ್ಯಕ್ಕಿಂತ ಒರಿಜಿನ್ ದೊಡ್ಡದು, ಇದು ಹುಡುಗ ಹೇಳಿದ ಹಾಗೇ. ನಮ್ಮ ಆಫೀಸಿನಲ್ಲಿ ಕ್ವೀನ್ಸ್‌ಲ್ಯಾಂಡಿನ ಮ್ಯಾನೇಜರ್ ಒಬ್ಬರಿದ್ದಾರೆ. ಈ ಜುಲೈನಲ್ಲಿ ಕ್ವೀನ್ಸ್‌ಲ್ಯಾಂಡ್ ಕೊನೆಯ ಪಂದ್ಯ 24-12 ಗೆದ್ದು ಸರಣಿ 2-1 ಮಾಡಿಕೊಂಡಾಗ ಮರುದಿನ ಮೆರೂನ್ ಟೈ ಕಟ್ಟಿಕೊಂಡು ಬಂದು ಪ್ರತಿ ಮೇಜಿನ ಹತ್ತಿರ ನಿಂತು ಗುಡ್ ಮಾರ್ನಿಂಗ್ ಹೇಳಿದರು. ನನ್ನ ಮೇಜಿನ ಹತ್ತಿರ ಎರಡು ಸಲ. ಆಶಸ್ ಗೆದ್ದ ಮರುದಿನ ಯಾರೂ ಏನೂ ಕಟ್ಟಿಕೊಂಡು ಬರಲಿಲ್ಲ.

ಸಮೋವಾ, ಟೋಂಗಾಕ್ಕೆ ಆಡುವ ಹುಡುಗರು ಒರಿಜಿನ್ ಕೂಡ ಆಡಬಹುದು. 2025ರ ತನಕದ ನಿಯಮದಲ್ಲಿ ಇಂಗ್ಲೆಂಡ್, ನ್ಯೂಜಿಲೆಂಡ್ ಆರಿಸಿಕೊಂಡರೆ ಆ ಬಾಗಿಲು ಮುಚ್ಚುತ್ತಿತ್ತು. ಆದ್ದರಿಂದ ಹುಡುಗನ ವಾದದಂತೆ ನೋಡಿದರೆ ಪೆಸಿಫಿಕ್ ತಂಡಗಳಿಗೂ ಮಧ್ಯಋತುವಿನ ಗಟ್ಟಿ ಪಂದ್ಯ ಸಿಗುತ್ತಿದೆ. ಉಳಿದದ್ದು ನಿಮ್ಮವರು ಮಾತ್ರ. ಹರ್ಬಿ ಫಾರ್ನ್‌ವರ್ತ್, ಡಾಮ್ ಯಂಗ್ ತರಹ ಇಲ್ಲಿನ ಕ್ಲಬ್ ಲೀಗ್ ಎನ್‌ಆರ್‌ಎಲ್ ಆಡುವವರಿಗೆ ಕ್ಲಬ್ ಪಂದ್ಯದಲ್ಲಾದರೂ ಆ ವೇಗ ಸಿಗುತ್ತದೆ. ಸೂಪರ್ ಲೀಗ್‌ನಲ್ಲಿ ಇರುವವರಿಗೆ ಎಲ್ಲಿಂದ ಬರಬೇಕು?

ಮತ್ತೆ ಹೆಂಗಸರ ಪಂದ್ಯಗಳನ್ನು ಯಾರೂ ನೆನೆಯಲಿಲ್ಲ. ಮಾರ್ಚ್‌ನಲ್ಲಿ ವೇಗಸ್‌ನಲ್ಲಿ ಆಸ್ಟ್ರೇಲಿಯಾ ವನಿತೆಯರು ಇಂಗ್ಲೆಂಡಿಗೆ 90-4 ಹೊಡೆದರು. ತೊಂಬತ್ತು! ಇಲ್ಲಿನವರಿಗೆ ಆಟವೇ ಸಂಬಳದ ಕೆಲಸ, ಅಲ್ಲಿಯ ಹೆಚ್ಚಿನವರು ಬೇರೆ ಕೆಲಸ ಮಾಡಿಕೊಂಡು ಸಂಜೆ ಅಭ್ಯಾಸಕ್ಕೆ ಹೋಗುವವರು. 2026ರಲ್ಲಿ ವನಿತೆಯರ ವಿಶ್ವಕಪ್ಪೂ ಜೊತೆಗೇ ಇದೆ. ಆ ಅಂತರ ಒಂದೂವರೆ ವರ್ಷದಲ್ಲಿ ತುಂಬುವುದಲ್ಲ. ಅದಕ್ಕೂ ಕ್ಯಾಲೆಂಡರ್ ಕಾರಣ ಅನ್ನಬೇಡಿ, ಅದಕ್ಕೆ ದುಡ್ಡು ಕಾರಣ.

ವಿಗನ್ ವೈದ್ಯ

ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಪಡೆ. ವ್ಹೀಲ್‌ಚೇರ್ ವಿಶ್ವಕಪ್ಪೂ ಜೊತೆಗೇ ಇದೆ, ಅದರ ಹಾಲಿ ಚಾಂಪಿಯನ್ ಇಂಗ್ಲೆಂಡ್. 2022ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಫ್ರಾನ್ಸ್ ಎದುರು 28-24, ಟಾಮ್ ಹ್ಯಾಲಿವೆಲ್ ಕೊನೆಯಲ್ಲಿ ಹಾಕಿದ ಟ್ರೈ. ನೋಡದವರು ಹುಡುಕಿ ನೋಡಿ. ಕುರ್ಚಿಗೆ ಕುರ್ಚಿ ಗುದ್ದುವ ಸದ್ದು ಕೇಳಿದರೆ ಎದೆ ಝಲ್ ಅನ್ನುತ್ತದೆ. ಒಂದೇ ತಂಡದಲ್ಲಿ ಗಂಡಸರೂ ಹೆಂಗಸರೂ ಆಡಬಹುದು.

ಹುಬ್ಬಳ್ಳಿ ರೇಡರ್

ಅಕ್ಕಾವ್ರೇ, ವೈದ್ಯರೇ, ತಲೆ ತಿರುಗುತ್ತಿದೆ. ಒಂದು ಸಣ್ಣ ಪ್ರಶ್ನೆ. ಹದಿನಾಲ್ಕು ತಂಡ ಅಂದರಲ್ಲ, ಮೊದಲು ಹನ್ನೆರಡು ಇದ್ದವು ಅಂತ ಓದಿದೆ. ಪಂದ್ಯ ಜಾಸ್ತಿ ಆಗಲಿಲ್ಲವಾ? ಆಟಗಾರರು ಸುಸ್ತು ಅಂತ ಒಂದು ಕಡೆ, ತಂಡ ಜಾಸ್ತಿ ಮಾಡುವುದು ಇನ್ನೊಂದು ಕಡೆ. ಏನಿದು?

ಹೆಡಿಂಗ್ಲಿ ಹುಡುಗ

ಒಳ್ಳೆ ಪ್ರಶ್ನೆ. ಜಾಸ್ತಿ ಆಗಿಲ್ಲ. ಹನ್ನೆರಡು ತಂಡ ಇದ್ದಾಗ ಎಲ್ಲರ ಜೊತೆ ತವರಿನಲ್ಲೊಂದು, ಹೊರಗೊಂದು ಆಡಿದರೆ 22. ಎಲ್ಲ ತಂಡ ಒಂದೇ ಮೈದಾನದಲ್ಲಿ ಆಡುವ ಮ್ಯಾಜಿಕ್ ವೀಕೆಂಡ್ ಒಂದು. ಉಳಿದ ನಾಲ್ಕು ತುಂಬಲು ಕೆಲವರ ಜೊತೆ ಮೂರನೇ ಸಲ ಆಡಿಸುತ್ತಿದ್ದರು. ಯಾರಿಗೆ ಯಾರು ಬರುತ್ತಾರೆ ಅನ್ನುವುದರ ಮೇಲೆ ಅದೃಷ್ಟ. ಈಗ ಹದಿನಾಲ್ಕು ತಂಡ, 26 ಪಂದ್ಯ, ಮ್ಯಾಜಿಕ್ ವೀಕೆಂಡ್ ಸೇರಿ 27. ಅದೇ 27. ಆದರೆ ಲೆಕ್ಕ ನ್ಯಾಯವಾಗಿದೆ. ಕ್ಲಬ್ ಪಟ್ಟಿಯ ಬಗ್ಗೆ ನನಗೆ ದೂರು ಇಲ್ಲದ ಒಂದೇ ಜಾಗ ಇದು.

ಹೊಸಬರು ಯಾರ್ಕ್, ಟುಲೂಸ್, ಬ್ರಾಡ್‌ಫರ್ಡ್. ಬ್ರಾಡ್‌ಫರ್ಡ್ ಹೆಸರು ಬರೆಯುವಾಗಲೇ ಬೆರಳು ಚುರುಕಾಗುತ್ತದೆ. ನಾಲ್ಕು ಸಲ ಸೂಪರ್ ಲೀಗ್ ಗೆದ್ದ ಕ್ಲಬ್. 2014ರಲ್ಲಿ ಕೆಳಗೆ ಬಿದ್ದು, ದುಡ್ಡಿಲ್ಲದೆ ಒದ್ದಾಡಿ, ಈಗ ವಾಪಸ್. ಲೀಡ್ಸ್ ಮತ್ತು ಬ್ರಾಡ್‌ಫರ್ಡ್ ನಡುವೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಇಷ್ಟು ವರ್ಷ ಈ ಡರ್ಬಿ ಲೀಗಿನಲ್ಲಿ ಇಲ್ಲದೆ ನಮ್ಮ ಸೀಸನ್ನಿಗೆ ಉಪ್ಪೇ ಇರಲಿಲ್ಲ. ನಮ್ಮ ಪಕ್ಕದ ಮನೆಯ ತಾತ ಬ್ರಾಡ್‌ಫರ್ಡ್ ಕಡೆಯವರು. ಪಟ್ಟಿ ಬಂದ ದಿನ ಬೇಲಿ ಮೇಲಿಂದ ಬಗ್ಗಿ, ಆಡ್ಸಲ್ ಮೈದಾನದಲ್ಲಿ ನಿಂತು ನೋಡುವಾಗ ಎಷ್ಟು ಜೊತೆ ಕಾಲುಚೀಲ ಹಾಕಬೇಕು ಅಂತ ನನಗೆ ಪಾಠ ಮಾಡಿದರು. ಬಟ್ಟಲಿನಂಥ ಮೈದಾನ, ಗಾಳಿ ಒಳಗೇ ಸುತ್ತುತ್ತದಂತೆ.

ಕ್ರೇವನ್ ಪಾರ್ಕ್ ಕೆಂಪು

ಹೊಸಬರ ಬಗ್ಗೆ ಖುಷಿ. ಆದರೆ ಹೋದವರನ್ನೂ ನೆನೆಯೋಣ. ಸಾಲ್ಫರ್ಡ್ 2019ರಲ್ಲಿ ಗ್ರ್ಯಾಂಡ್ ಫೈನಲ್ ಆಡಿದ ತಂಡ. ಈ ವರ್ಷದ ಮೊದಲ ಪಂದ್ಯದಲ್ಲಿ ದುಡ್ಡಿನ ಮಿತಿಯಿಂದಾಗಿ ಎಳೆ ಹುಡುಗರನ್ನು ಕಳಿಸಿ ಸೇಂಟ್ ಹೆಲೆನ್ಸ್ ಎದುರು 82-0 ಸೋತರು. ಈ ತಿಂಗಳು ಕೋರ್ಟ್ ಬಾಗಿಲು ಮುಚ್ಚಿಸಿತು. ಎದುರಾಳಿಗಳೇ ಆದರೂ ಸಂಕಟ ಆಯಿತು. ಅಲ್ಲಿನ ಅಭಿಮಾನಿಗಳು ವರ್ಷವಿಡೀ ಯಾವ ಪಂದ್ಯ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ ಟಿಕೆಟ್ ಕೊಂಡಿದ್ದಾರೆ.

ವಿಗನ್ ವೈದ್ಯ

ಟುಲೂಸ್ ಬಂದದ್ದು ದೇಶದ ಪಂದ್ಯಕ್ಕೂ ಒಳ್ಳೆಯದು. ಕ್ಯಾಟಲನ್ಸ್ ಸೇರಿ ಈಗ ಎರಡು ಫ್ರೆಂಚ್ ತಂಡ. ಈ ವಿಶ್ವಕಪ್ ಮೊದಲು 2025ರಲ್ಲಿ ಫ್ರಾನ್ಸ್‌ನಲ್ಲಿ ಆಗಬೇಕಿತ್ತು. ಹಣಕಾಸಿನ ಕಾರಣಕ್ಕೆ ಅವರು 2023ರಲ್ಲಿ ಕೈಬಿಟ್ಟರು. ಅಲ್ಲಿಂದ ಅದು ದಕ್ಷಿಣ ಗೋಲಾರ್ಧಕ್ಕೆ ಹೋಯಿತು. ಫ್ರಾನ್ಸ್ ಗಟ್ಟಿ ಇದ್ದರೆ ಇಂಗ್ಲೆಂಡಿಗೆ ಎರಡು ಗಂಟೆ ವಿಮಾನ ದೂರದಲ್ಲೇ ಒಬ್ಬ ಎದುರಾಳಿ ಸಿಗುತ್ತಾನೆ. ಹುಡುಗನಿಗೆ ಬೇಕಾದ ಜೂನ್ ಟೆಸ್ಟ್ ಬರುವುದಾದರೆ ಆ ದಾರಿಯಲ್ಲೇ ಬರಬೇಕು. 64-0 ಆಗುವ ಪಂದ್ಯದಿಂದ ಇಬ್ಬರಿಗೂ ಲಾಭ ಇಲ್ಲ.

ಹೆಡಿಂಗ್ಲಿ ಹುಡುಗ

ಇದು ಸರಿಯಾದ ಮಾತು. ಆದರೆ ಅದಕ್ಕೆ ಹತ್ತು ವರ್ಷ ಬೇಕು. ನನಗೆ ಬೇಕಾದ್ದು ಮುಂದಿನ ಜೂನ್‌ಗೆ. ಒರಿಜಿನ್ ಎರಡನೇ ಪಂದ್ಯದ ಹೊತ್ತಿಗೆ ಒಂದು ವಾರ ಸೂಪರ್ ಲೀಗ್ ನಿಲ್ಲಿಸಿ. ಲಂಕಾಶೈರ್–ಯಾರ್ಕ್‌ಷೈರ್ ಪಂದ್ಯ ಆದರೂ ಇಡಿ, ಇಂಗ್ಲೆಂಡ್ ಎದುರು ಲೀಗಿನಲ್ಲಿರುವ ವಿದೇಶಿ ಆಟಗಾರರ ತಂಡ ಆದರೂ ಇಡಿ. ಕ್ಲಬ್ಬಿನವರು ಒಪ್ಪಲ್ಲ, ಒಂದು ತವರು ಪಂದ್ಯದ ಗೇಟ್ ಹಣ ಅವರಿಗೆ ದೊಡ್ಡದು. ಅದೂ ಅರ್ಥ ಆಗುತ್ತದೆ, ಸಾಲ್ಫರ್ಡ್ ಕಥೆ ನೋಡಿದ ಮೇಲೆ ಯಾರಿಗೆ ಧೈರ್ಯ ಬರುತ್ತದೆ?

ಬ್ರಿಸ್ಬೇನ್ ಭಟ್ರು

ವಿದೇಶಿ ಆಟಗಾರರ ತಂಡ ಎದುರು 2021, 2022ರಲ್ಲಿ ಆಡಿಸಿದ್ದರಲ್ಲ. ಎರಡರಲ್ಲಿ ಒಂದು ಸೋತರು. ಜನ ಸೇರಲಿಲ್ಲ, ಅಲ್ವಾ?

ಹೆಡಿಂಗ್ಲಿ ಹುಡುಗ

ಜನ ಸೇರಲಿಲ್ಲ. ಆದರೆ ಸೋತದ್ದರಿಂದ ಏನು ಕೊರತೆ ಅಂತ ಜೂನ್‌ನಲ್ಲೇ ಗೊತ್ತಾಯಿತು, ಭಟ್ರೇ. ಈ ಸಲ ಅದು ಗೊತ್ತಾಗುವಾಗ ವಿಮಾನ ಇಳಿದಾಗಿರುತ್ತದೆ.

ಪ್ಯಾರಮಟ್ಟ ಅಕ್ಕ

ಪಾಪುವಾ ನ್ಯೂಗಿನಿಯನ್ನೂ ಗಮನಿಸಿ. ಇಡೀ ದೇಶಕ್ಕೆ ಇದೇ ರಾಷ್ಟ್ರೀಯ ಆಟ. 2028ಕ್ಕೆ ಅವರದ್ದೇ ತಂಡ ಎನ್‌ಆರ್‌ಎಲ್‌ಗೆ ಬರುತ್ತಿದೆ, ಅದಕ್ಕೆ ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷಕ್ಕೆ 600 ಮಿಲಿಯನ್ ಡಾಲರ್ ಇಟ್ಟಿದೆ. 2027ಕ್ಕೆ ಪರ್ತ್ ಬೇರ್ಸ್. ನಿಮ್ಮ ಟೋಂಗಾ ಪಂದ್ಯವನ್ನು ಪರ್ತ್‌ನಲ್ಲಿ ಇಟ್ಟದ್ದು ಸುಮ್ನೆ ಅಲ್ಲ, ಆ ಊರಿಗೆ ಆಟದ ರುಚಿ ಹತ್ತಿಸಬೇಕು. ಅಲ್ಲಿ ಇಂಗ್ಲೆಂಡಿನಿಂದ ವಲಸೆ ಬಂದವರು ಬೇಕಾದಷ್ಟು ಇದ್ದಾರೆ. ನಿಮ್ಮವರಿಗೆ ಕೂಗುವವರಿಗೇನೂ ಕಮ್ಮಿ ಇರಲ್ಲ.

ಹುಬ್ಬಳ್ಳಿ ರೇಡರ್

ನನಗೆ ಒಂದು ಉಪಕಾರ ಮಾಡಿ. ಇಲ್ಲಿಂದ ಯಾವ ಪಂದ್ಯ ಯಾವ ಹೊತ್ತಿಗೆ ನೋಡಬಹುದು? ನನ್ನ ಹೆಂಡತಿ ರಾತ್ರಿ ಟಿವಿ ಹಾಕಿದರೆ ಬೈಯುತ್ತಾಳೆ.

ಪ್ಯಾರಮಟ್ಟ ಅಕ್ಕ

ಹಾಗಾದರೆ ನಮ್ಮ ಕಡೆಯ ಪಂದ್ಯ ನೋಡಿ, ಸಂಸಾರ ಉಳಿಯುತ್ತದೆ. ಒರಿಜಿನ್ ಬುಧವಾರ ಇಲ್ಲಿ ರಾತ್ರಿ ಎಂಟರ ಮೇಲೆ, ನಿಮಗೆ ಮಧ್ಯಾಹ್ನ ಮೂರೂವರೆ ದಾಟಿರುತ್ತದೆ. ವಿಶ್ವಕಪ್ ಮೊದಲ ಪಂದ್ಯ ಅಕ್ಟೋಬರ್ 15ಕ್ಕೆ ಸಿಡ್ನಿಯಲ್ಲಿ, ಆಸ್ಟ್ರೇಲಿಯಾ–ನ್ಯೂಜಿಲೆಂಡ್. ಆಗ ನಮ್ಮ ಗಡಿಯಾರ ಒಂದು ಗಂಟೆ ಮುಂದೆ ಹೋಗಿರುತ್ತದೆ, ಇಲ್ಲಿ ರಾತ್ರಿ ಎಂಟು ಅಂದರೆ ನಿಮಗೆ ಎರಡೂವರೆ. ಪರ್ತ್ ಪಂದ್ಯಕ್ಕೆ ಎರಡೂವರೆ ಗಂಟೆ ಕಳೆಯಿರಿ. ಫೈನಲ್ ನವೆಂಬರ್ 15, ಭಾನುವಾರ, ಬ್ರಿಸ್ಬೇನ್. ಅದಕ್ಕೆ ನಾಲ್ಕೂವರೆ ಗಂಟೆ ಕಳೆದರೆ ಆಯಿತು. ಊಟ ಮುಗಿಸಿ ಕೂರಬಹುದು.

ಕ್ರೇವನ್ ಪಾರ್ಕ್ ಕೆಂಪು

ಅಕ್ಕ ನಮ್ಮ ಗಿರಾಕಿಯನ್ನು ಎಳೆದುಕೊಂಡು ಹೋಗುತ್ತಿದ್ದಾರೆ! ರೇಡರ್ ಅವರೇ, ಫೆಬ್ರವರಿ 19ರ ನಮ್ಮ ಪಂದ್ಯ ನಿಮಗೆ ಮಧ್ಯರಾತ್ರಿ ದಾಟಿ ಒಂದು, ಒಂದೂವರೆ ಹೊತ್ತಿಗೆ. ಅದೊಂದು ದಿನ ಬೈಸಿಕೊಳ್ಳಿ, ಪರವಾಗಿಲ್ಲ. ಬೇಸಿಗೆ ಬಂದ ಮೇಲೆ ಶನಿವಾರ ಮಧ್ಯಾಹ್ನ ಮೂರರ ಪಂದ್ಯ ನಿಮಗೆ ಸಂಜೆ ಏಳೂವರೆ. ಮೇ 30ಕ್ಕೆ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್, ಅದನ್ನು ಮನೆಯವರ ಜೊತೆಗೇ ನೋಡಿ. ಏಪ್ರಿಲ್ 3 ಗುಡ್ ಫ್ರೈಡೇ ಕೂಡ ಗುರುತು ಹಾಕಿ. ಡರ್ಬಿಗಳ ದಿನ ಅದು. ವಿಗನ್–ಸೇಂಟ್ ಹೆಲೆನ್ಸ್, ನಾವು–ಹಲ್ ಎಫ್‌ಸಿ. ಆ ದಿನ ನಮ್ಮ ಊರಿನಲ್ಲಿ ಅಣ್ಣತಮ್ಮಂದಿರೂ ಮಾತಾಡಲ್ಲ.

ವಿಗನ್ ವೈದ್ಯ

ಜುಲೈ 4, 5ಕ್ಕೆ ಮ್ಯಾಜಿಕ್ ವೀಕೆಂಡ್ ಕೂಡ. ಲಿವರ್‌ಪೂಲ್‌ನ ಅದೇ ಎವರ್ಟನ್ ಮೈದಾನ, ಎರಡು ದಿನದಲ್ಲಿ ಎಲ್ಲ ಹದಿನಾಲ್ಕು ತಂಡ. ನನಗೆ ಆ ಭಾನುವಾರ ಡ್ಯೂಟಿ ಬೀಳುತ್ತದೆ ಅಂತ ಈಗಲೇ ಗೊತ್ತು. ಯಾರಾದರೂ ಅದಲುಬದಲು ಮಾಡಿಕೊಳ್ಳುವ ಡಾಕ್ಟರು ಇಲ್ಲಿ ಇದ್ದರೆ ಹೇಳಿ. ದೀಪಾವಳಿ ಶಿಫ್ಟ್ ನಾನು ಮಾಡುತ್ತೇನೆ.

ಬ್ರಿಸ್ಬೇನ್ ಭಟ್ರು

ದೀಪಾವಳಿ 2026ರಲ್ಲಿ ನವೆಂಬರ್ 8. ವಿಶ್ವಕಪ್ ಫೈನಲ್‌ಗೆ ಒಂದು ವಾರ ಮುಂಚೆ. ಆ ವಾರ ಶಿಫ್ಟ್ ತೆಗೆದುಕೊಂಡು ಇಲ್ಲಿಗೆ ಬರುವುದನ್ನು ತಪ್ಪಿಸಿಕೊಳ್ಳಬೇಡಿ ಡಾಕ್ಟ್ರೇ. ನಮ್ಮ ಮನೆಯಲ್ಲಿ ಹಾಸಿಗೆ ಇದೆ, ಹೋಳಿಗೆ ಇದೆ. ಸನ್‌ಕಾರ್ಪ್‌ಗೆ ನಡೆದೇ ಹೋಗಬಹುದು. ನನ್ನ ಊಹೆ ಬರೆದಿಡುತ್ತೇನೆ: ಫೈನಲ್ ಆಸ್ಟ್ರೇಲಿಯಾ–ಸಮೋವಾ, 2022ರ ಹಾಗೆ. ಆಗ 30-10 ಆಗಿತ್ತು. ಈ ಸಲ ಹತ್ತಿರದ ಪಂದ್ಯ.

ಪ್ಯಾರಮಟ್ಟ ಅಕ್ಕ

ನ್ಯೂಜಿಲೆಂಡ್ ಮರೆತಿರಾ? ಕಳೆದ ತಿಂಗಳು ಇಲ್ಲೇ ನಮ್ಮ ಪ್ಯಾರಮಟ್ಟದಲ್ಲಿ ಪೆಸಿಫಿಕ್ ಫೈನಲ್‌ನಲ್ಲಿ ಸಮೋವಾಗೆ 36-14 ಹೊಡೆದರು. ನನ್ನ ದುಡ್ಡು ಅವರ ಮೇಲೆ.

ಹೆಡಿಂಗ್ಲಿ ಹುಡುಗ

ಯಾರ ಪಟ್ಟಿಯಲ್ಲೂ ಇಂಗ್ಲೆಂಡ್ ಇಲ್ಲ. ಸರಿ. ನಾನು ಸೆಮಿಫೈನಲ್ ತನಕ ಅಂತ ಬರೆಯುತ್ತೇನೆ, ಅದಕ್ಕಿಂತ ಮುಂದೆ ಬರೆಯಲು ಕೈ ಬರುತ್ತಿಲ್ಲ. ಟೋಂಗಾ ಎದುರು ಆರು ಅಂಕದ ಒಳಗಿನ ಪಂದ್ಯ, ಯಾರು ಗೆದ್ದರೂ. ಕೆಂಪಣ್ಣ, ವೇಗಸ್ ಪಂದ್ಯಕ್ಕೆ ಏನು ಊಹೆ?

ಕ್ರೇವನ್ ಪಾರ್ಕ್ ಕೆಂಪು

ನಮಗೆ ಹನ್ನೆರಡು ಅಂಕ ಜಾಸ್ತಿ. ಸೋತರೆ ಏಪ್ರಿಲ್‌ನಲ್ಲಿ ನಾನು ಲೀಡ್ಸ್‌ಗೆ ಬಂದು ನಿಮಗೆ ದೋಸೆ ಕೊಡಿಸುತ್ತೇನೆ. ಗೆದ್ದರೆ ನೀವು ಹಲ್‌ಗೆ ಬನ್ನಿ. ಇಲ್ಲಿ ದೋಸೆ ಸಿಗಲ್ಲ, ಹಿಟ್ಟು ತಂದುಬಿಡಿ.